ಮೀನಿನ ಶೆಡ್ಡಿನ ಮೌನ

ಗ್ರಿಮ್ಸ್‌ಬಿ
3 ಫೆಬ್ರವರಿ 1997

ಶ್ರೀ ಹೆಡ್ಲಿ ಪ್ರೌಸ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಅಮ್ಮನದು ಇರಬಹುದು. 1981ರ ಶರತ್ಕಾಲದಲ್ಲಿ ನೀವೆಲ್ಲ ನಮ್ಮೂರಿನ ಹಡಗುಕಟ್ಟೆಗೆ ಬಂದು ‘ಇಳಿತದ ಹೊತ್ತು’ ಎಂಬ ಚಿತ್ರ ತೆಗೆದಿರಿ. ಅದರಲ್ಲಿ ನೆಲ್ ಎಂಬ ಹೆಂಗಸಿನ ಪಾತ್ರ ಮಾಡಿದವಳು ಎಡ್ನಾ ಡ್ರೂರಿ. ಅವಳು ನಟಿಯಾಗಿರಲಿಲ್ಲ, ಬೊರಿಲ್ ಶೆಡ್ಡಿನಲ್ಲಿ ಮೀನು ಸೀಳುತ್ತಿದ್ದಳು. ನಾನು ಅವಳ ಮಗಳು. ಇಲ್ಲೇ ಒಂದು ಶಾಲೆಯಲ್ಲಿ ಅಡುಗೆ ಕೆಲಸ ನನ್ನದು.

ಅಮ್ಮ ಕಳೆದ ನವೆಂಬರಿನಲ್ಲಿ ತೀರಿಕೊಂಡಳು. ಅದಕ್ಕೆ ಮೂರು ವರ್ಷ ಮೊದಲೇ ಪಾರ್ಶ್ವವಾಯು ಬಡಿದು ಅವಳ ಮಾತು ನಿಂತುಹೋಗಿತ್ತು. ನಾನು ಮಾಡಿ ಹಾಕಿದ್ದನ್ನು ಸುಮ್ಮನೆ ತಿನ್ನುತ್ತಿದ್ದಳು. ಚೆನ್ನಾಗಿದೆ ಎಂದಾಗಲಿ ಹಾಳಾಗಿದೆ ಎಂದಾಗಲಿ ಹೇಳುವಂತಿರಲಿಲ್ಲ. ಮೊದಲಾಗಿದ್ದರೆ ಎರಡನೆಯದನ್ನೇ ಹೇಳುತ್ತಿದ್ದಳು.

ಈಗ ನನಗೊಂದು ವಿಚಿತ್ರವಾಗಿದೆ. ಅವಳ ಕೈ ನೆನಪಿದೆ, ಬಾಗಿಲಲ್ಲಿ ನಿಂತು ಬೂಟು ಕಳಚುವ ರೀತಿ ನೆನಪಿದೆ. ಅವಳು ಆಡಿದ ಮಾತುಗಳೂ ನೆನಪಿವೆ, ದನಿ ಮಾತ್ರ ಬರುತ್ತಿಲ್ಲ. ಕಣ್ಣು ಮುಚ್ಚಿ ಕೂತು ಕರೆದರೂ ಬರುವುದಿಲ್ಲ. ಮನೆಯಲ್ಲಿ ಫೋಟೊಗಳು ಬೇಕಾದಷ್ಟಿವೆ. ಅವಳ ದನಿ ಎಲ್ಲಿಯೂ ಇಲ್ಲ.

ಚಿತ್ರದಲ್ಲೂ ಇಲ್ಲ, ಅದು ನಿಮಗೆ ಗೊತ್ತು. 1983ರಲ್ಲಿ ಟೀವಿಯ ಹೊಸ ವಾಹಿನಿಯಲ್ಲಿ ಅದು ಬಂದ ಸಂಜೆ ಮೀನುಗಾರರ ಕ್ಲಬ್ಬಿನಲ್ಲಿ ಇಡೀ ಶೆಡ್ಡು ಸೇರಿತ್ತು. ಪರದೆಯ ಮೇಲೆ ಅಮ್ಮ ಬಾಯಿ ತೆರೆದಳು. ಬಂದದ್ದು ಯಾರದೋ ಲಂಡನ್ ದನಿ. ಆಲ್ಮಾ, ಅಮ್ಮನ ಪಕ್ಕದ ಮೇಜಿನಲ್ಲಿ ಮೀನು ಸೀಳುತ್ತಿದ್ದವಳು, ಕೂಗಿದಳು: “ಏನೇ ಎಡ್ನಾ, ಯಾವಾಗಲೇ ಅರಮನೆಗೆ ಸೊಸೆಯಾಗಿ ಹೋದೆ?” ಎಲ್ಲರೂ ನಕ್ಕರು. ಅಮ್ಮ ಎಲ್ಲರಿಗಿಂತ ಮೊದಲು ನಕ್ಕಳು. “ಬಿಟ್ಟಿ ಸಿಕ್ಕಿದ ದನಿ ಕಣ್ರೇ, ಕೊಳೆ ಮೆತ್ತದ ಹಾಗೆ ನೋಡ್ಕೋತೀನಿ” ಅಂದಳು. ಆಮೇಲೆ ಆ ಚಿತ್ರದ ಸುದ್ದಿಯನ್ನೇ ಎತ್ತಲಿಲ್ಲ.

ಪಕ್ಕದ ಮನೆಯವರು ಆ ದಿನ ವಿಡಿಯೊದಲ್ಲಿ ಹಿಡಿದಿಟ್ಟಿದ್ದರು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ‘ಧ್ವನಿಮುದ್ರಣ’ ಎಂಬಲ್ಲಿ ನಿಮ್ಮ ಹೆಸರಿದೆ. ನಿಮ್ಮ ಸಂಘದ ಕಚೇರಿಯವರು ದಯೆಯಿಟ್ಟು ವಿಳಾಸ ಕೊಟ್ಟರು.

ಅವಳ ಸ್ವಂತ ದನಿ ನಿಮ್ಮ ಹತ್ತಿರ ಎಲ್ಲಾದರೂ ಉಳಿದಿದೆಯೇ? ಒಂದು ವಾಕ್ಯ ಸಾಕು. ‘ಆ ಚಾಕು ಕೊಡು’ ಎಂದಿದ್ದರೂ ಸಾಕು.

ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ಗೇನರ್ ಡ್ರೂರಿ


ಪೋರ್ತ್‌ಲೆವನ್, ಕಾರ್ನ್‌ವಾಲ್
19 ಫೆಬ್ರವರಿ 1997

ಶ್ರೀಮತಿ ಡ್ರೂರಿ ಅವರಿಗೆ,

ನಿಮ್ಮ ಅಮ್ಮ ಹೋದ ಸುದ್ದಿ ಓದಿ ತುಂಬ ನೋವಾಯಿತು. ಉತ್ತರ ತಡವಾಗಿದ್ದು ಅದಕ್ಕೊಂದಕ್ಕೇ ಅಲ್ಲ. ನಿಮಗೆ ಹೇಳಬೇಕಾದ ಸಂಗತಿ ಒಳ್ಳೆಯದಲ್ಲ, ಅದನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ.

ಎಡ್ನಾ ಅವರ ದನಿಯನ್ನು ಆರು ವಾರ ನನ್ನ ಕಿವಿಯಲ್ಲಿ ಇಟ್ಟುಕೊಂಡಿದ್ದೆ. ಅಗಲವಾದ, ಉಪ್ಪು ತಿಂದ ದನಿ. ವಾಕ್ಯದ ಕೊನೆಯಲ್ಲಿ ಕೆಳಗಿಳಿಯುವ ಬದಲು ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುತ್ತಿತ್ತು. ನನ್ನ ಕೆಲಸದ ಜೀವನದಲ್ಲಿ ಅಷ್ಟು ನೇರವಾಗಿ ಮೈಕಿಗೆ ಬಂದ ದನಿ ಇನ್ನೊಂದಿಲ್ಲ. ಆ ಟೇಪುಗಳನ್ನೆಲ್ಲ ನಿರ್ಮಾಣ ಸಂಸ್ಥೆಗೆ ಒಪ್ಪಿಸಿದೆ. ಆಗಿನ ಪದ್ಧತಿ ಹಾಗೇ ಇತ್ತು. ಎರಡು ವರ್ಷಕ್ಕೆ ಸಂಸ್ಥೆ ಮುಚ್ಚಿತು. ನನ್ನ ಹತ್ತಿರ ಏನೂ ಇಲ್ಲ.

ಏನಾದರೂ ಉಳಿದಿದ್ದರೆ ಅದು ನಿರ್ದೇಶಕ ಡೆಸ್ಮಂಡ್ ಫೇರ್ಲಿಯ ಬಳಿ ಇರಬಹುದು. ನಾವಿಬ್ಬರೂ ಒಂದು ಕಾಲಕ್ಕೆ ಅಣ್ಣತಮ್ಮಂದಿರ ಹಾಗೆ ಇದ್ದೆವು. ಸಿದ್ಧವಾದ ಚಿತ್ರವನ್ನು ನಾನು ಮೊದಲ ಸಲ ನೋಡಿದ ದಿನ, ಎಡ್ನಾ ಅವರ ಬಾಯಿಂದ ಬೇರೆ ದನಿ ಬಂದ ಕೂಡಲೇ ಎದ್ದು ಹೊರಗೆ ಬಂದೆ. ಆಮೇಲೆ ಅವನೊಂದಿಗೆ ಮಾತಾಡಿಲ್ಲ. ಹದಿನಾಲ್ಕು ವರ್ಷವಾಯಿತು. ನಾನು ಅನುವಾದಿತ ಕಾದಂಬರಿಗಳನ್ನು ಬಹಳ ಓದುತ್ತೇನೆ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದು ನನಗೆ ಹೊಸದಲ್ಲ. ಆದರೆ ಅಲ್ಲಿ ಒಳಪುಟದಲ್ಲಿ ಎರಡು ಹೆಸರಿರುತ್ತದೆ. ಈ ಚಿತ್ರದಲ್ಲಿ ಆ ಲಂಡನ್ ನಟಿಯ ಹೆಸರೂ ಇಲ್ಲ, ಹೀಗಾಯಿತು ಎಂಬ ಸೂಚನೆಯೂ ಇಲ್ಲ. ಒಬ್ಬ ಹೆಂಗಸಿನ ಕೆಲಸವನ್ನು ಅವಳಿಗೆ ಹೇಳದೆ ಕೇಳದೆ ಅಳಿಸಿದರು ಎಂಬುದೇ ನನ್ನ ಸಿಟ್ಟಾಗಿತ್ತು. ಈಗಲೂ ಅದೇ.

ಒಂದು ಸಂಗತಿ ಹೇಳುತ್ತೇನೆ, ನಿಮ್ಮ ಅಮ್ಮ ಹೇಳಿದ್ದಾರೋ ಇಲ್ಲವೋ. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಒಂದು ಜಾಗದ ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಅಲುಗಾಡದೆ ನಿಲ್ಲಬೇಕು, ಆ ಜಾಗದ ಮೌನವನ್ನು ಅರ್ಧ ನಿಮಿಷ ಟೇಪಿಗೆ ಹಿಡಿಯಬೇಕು. ಒಂದು ಕೋಣೆಯ ಮೌನ ಇನ್ನೊಂದರಂತೆ ಇರುವುದಿಲ್ಲ. ಮಾತಿನ ನಡುವಿನ ಬಿರುಕುಗಳಿಗೆ ಸಂಕಲನಕಾರ ಅದನ್ನೇ ತುಂಬುತ್ತಾನೆ. ಬೊರಿಲ್ ಶೆಡ್ಡಿನಲ್ಲೂ ನಾನು ಹಾಗೇ ಕೇಳಿದೆ. “ಎಲ್ಲರೂ ಚಾಕು ಕೆಳಗಿಡಿ, ಸ್ವಲ್ಪ ಸುಮ್ಮನೆ ನಿಲ್ಲಿ” ಎಂದೆ. ಹೆಂಗಸರ ಮುಖವೆಲ್ಲ ಬಿಳಿಚಿಕೊಂಡಿತು. ಒಬ್ಬೊಬ್ಬರೇ ತಲೆಯ ವಸ್ತ್ರ ಬಿಚ್ಚಿದರು. ಹಿಂದಿನ ಸಾಲಿನಲ್ಲಿ ಯಾರೋ ಅಳಲು ಶುರುಮಾಡಿದರು. ಆ ಶೆಡ್ಡಿನಲ್ಲಿ ಚಾಕು ಕೆಳಗಿಟ್ಟು ಸುಮ್ಮನೆ ನಿಲ್ಲುವುದು ಒಂದೇ ದಿನ, ಊರಿನ ಹಡಗು ಮುಳುಗಿದ ಸುದ್ದಿ ಬಂದ ದಿನ, ಎಂದು ನನಗೆ ಗೊತ್ತಿರಲಿಲ್ಲ. ಟೇಪು ಓಡುತ್ತಲೇ ಇತ್ತು. ಆಗ ಎಡ್ನಾ ಏನೋ ಹೇಳಿದರು, ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಅಳು ಕೇಳಿ, ಹಿಡಿದ ಮೌನ ಕೆಟ್ಟಿತೆಂಬ ಸಿಟ್ಟಿನಲ್ಲಿ ನಾನು ಆಗಲೇ ಕಿವಿಯ ಹೆಡ್‌ಫೋನು ತೆಗೆದು ಬಿಸಾಡಿದ್ದೆ, ಅವರು ಹೇಳಿದ್ದೇನೆಂದು ಕೇಳಿಸಲಿಲ್ಲ. ಆಮೇಲೆ ಕೇಳಲು ನಾಚಿಕೆಯಾಯಿತು.

ಡೆಸ್ಮಂಡನ ವಿಳಾಸ ಕೆಳಗಿದೆ. ನಾನಾಗಿ ಅವನಿಗೆ ಬರೆಯಲಾರೆ. ದಯವಿಟ್ಟು ಅರ್ಥ ಮಾಡಿಕೊಳ್ಳಿ.

ಹೆಡ್ಲಿ ಪ್ರೌಸ್


ಗ್ರಿಮ್ಸ್‌ಬಿ
27 ಫೆಬ್ರವರಿ 1997

ಪ್ರೌಸ್ ಅವರೇ,

‘ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುತ್ತಿತ್ತು’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ಹೌದು, ಹಾಗೇ ಇತ್ತು. ಹಾಗಿತ್ತೆಂದು ಗೊತ್ತಾಗುತ್ತದೆ, ಕೇಳಿಸುವುದಿಲ್ಲ. ಆದರೂ ಇಷ್ಟು ಕೊಟ್ಟಿರಿ. ನಾನು ಋಣಿ.

ನಿಮ್ಮ ಪತ್ರವನ್ನು ಆಲ್ಮಾಳಿಗೆ ಓದಿ ಹೇಳಿದೆ. ಅವಳಿಗೀಗ ಎಪ್ಪತ್ತೊಂದು. ಬಾಯಿ ಮಾತ್ರ ಇನ್ನೂ ಹದಿನೆಂಟರದ್ದು. “ಓ, ಆ ಕಿವಿ ಹುಡುಗನಾ! ಕಿವಿ ಮೇಲೆ ಎರಡು ಬನ್ನು ಕಟ್ಕೊಂಡು ಓಡಾಡ್ತಿದ್ನಲ್ಲ!” ಅಂದಳು. ಆ ದಿನದ ವಿಷಯ ಕೇಳಿದರೆ ಅವಳ ನಗು ನಿಂತುಹೋಯಿತು. “ನನ್ನ ಗಂಡನ ಹಡಗು ಆಗ ದೂರದ ಉತ್ತರದ ಕಡಲಲ್ಲಿತ್ತು ಕಣೇ. ಆ ಹುಡುಗ ಚಾಕು ಕೆಳಗಿಡಿ ಅಂದಾಗ ಅದೇ ಮುಳುಗಿತು ಅಂದ್ಕೊಂಡೆ. ನಿಮ್ಮಮ್ಮ ಬಾಯಿ ಹಾಕದೇ ಇದ್ದಿದ್ರೆ ಅಲ್ಲೇ ಮೀನಿನ ಮೇಲೆ ಬೀಳ್ತಿದ್ದೆ.” ಅಮ್ಮ ಏನೆಂದಳು ಎಂದು ಕೇಳಿದೆ. “ನಕ್ಕಿದ್ದು ನೆನಪಿದೆ. ಯಾಕೆ ನಕ್ಕೆ ಅನ್ನೋದು ಹಾಳಾಗಿ ಹೋಯ್ತು” ಅಂದಳು.

ಫೇರ್ಲಿ ಅವರಿಗೆ ಬರೆಯುತ್ತೇನೆ. ಅವರ ಜೊತೆ ನನಗೆ ಜಗಳವಿಲ್ಲ. ಇದ್ದರೂ ಅಮ್ಮನ ದನಿಗಿಂತ ದೊಡ್ಡದೇನಲ್ಲ. ನಮ್ಮ ಊರಿನಲ್ಲಿ ಹದಿನಾಲ್ಕು ವರ್ಷ ಮಾತು ಬಿಡಬೇಕಾದರೆ ಕನಿಷ್ಠ ಒಂದು ದೋಣಿಯನ್ನಾದರೂ ಕದ್ದಿರಬೇಕು.

ಆಲ್ಮಾ ಹೇಳಿದ್ದು: ಆ ಹುಡುಗನ ಮೇಲೆ ಸಿಟ್ಟಿಲ್ಲ ಅಂತ ಬರಿ. ಬರೆದಿದ್ದೇನೆ.

ಗೇನರ್


ಲಂಡನ್
8 ಏಪ್ರಿಲ್ 1997

ಪ್ರೀತಿಯ ಗೇನರ್ ಅವರಿಗೆ,

ನೀವು ಬರೆದದ್ದು ಒಂದೇ ಪುಟ. ಅದಕ್ಕೆ ಉತ್ತರ ಕೊಡಲು ನನಗೆ ಒಂದು ತಿಂಗಳು ಹಿಡಿಯಿತು. ಮೊದಲು ಗ್ಯಾರೇಜಿನ ಸಾಮಾನೆಲ್ಲ ಹೊರಗೆ ಹಾಕಬೇಕಾಯಿತು, ಆಮೇಲೆ ಒಂದು ವಾಗ್ದಾನ ಮುರಿಯಬೇಕೋ ಬೇಡವೋ ಎಂದು ಯೋಚಿಸಬೇಕಾಯಿತು.

ಗ್ಯಾರೇಜಿನದು ಮೊದಲು. ಸಂಸ್ಥೆ ಮುಚ್ಚಿದಾಗ ಎಡ್ನಾ ಅವರ ದನಿಯಿದ್ದ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆಂದು ಮಾರಿಬಿಟ್ಟರು. ಆ ಕಾಲದಲ್ಲಿ ಅದು ಸಾಮಾನ್ಯ. ಮುಕ್ಕಾಲು ಪಾಲು ಖಾಲಿ ಇದ್ದ ಚಿತ್ರಮಂದಿರಗಳು, ಹಗಲೂ ರಾತ್ರಿ ಹಣಕ್ಕೆ ಅಲೆಯುತ್ತಿದ್ದ ನಾವು. ಹೊಸ ವಾಹಿನಿ ಬಂದಿತೆಂದು ಉಸಿರಾಡಿದೆವು. ಎಷ್ಟೊಂದು ಚಿಕ್ಕ ಚಿತ್ರಗಳು ಬಂದವು ಆ ಮೂರು ವರ್ಷಗಳಲ್ಲಿ! ಕಲ್ಲಿದ್ದಲ ಊರಿನದು, ವಲಸೆ ಬಂದವರ ಬೀದಿಯದು, ಕೆಲಸ ಕಳೆದುಕೊಂಡ ಹುಡುಗರದು. ಒಂದು ವಾರ ಲಂಡನ್ನಿನಲ್ಲಿ ಓಡಿ, ಒಂದು ಸಂಜೆ ಟೀವಿಯಲ್ಲಿ ಬಂದು ಮಾಯವಾದವು. ಈಗ ಇಲ್ಲಿನ ಒಂದು ಚಿತ್ರಮಂದಿರದವರು, ಕಣ್ತಪ್ಪಿ ಹೋದ ಆ ಚಿತ್ರಗಳನ್ನು ಹುಡುಕಿ ಬರುವ ಶರತ್ಕಾಲದಲ್ಲಿ ಸಾಲಾಗಿ ತೋರಿಸುತ್ತಾರಂತೆ. ನಮ್ಮದೂ ಇದೆ. ನನ್ನ ಮಗಳ ವಯಸ್ಸಿನ ಒಬ್ಬಳು ಫೋನು ಮಾಡಿ ‘ಮಹತ್ವದ ಚಿತ್ರ’ ಅಂದಳು. ಬೇರೆ ಯಾರ ಮನೆಗೋ ಮಾಡಿದ್ದಾಳೆ ಅಂದುಕೊಂಡೆ.

ಸಿಕ್ಕಿದ್ದು ಒಂದೇ ಟೇಪು. ಡಬ್ಬಿಯ ಮೇಲೆ ಹೆಡ್ಲಿಯ ಕೈಬರಹ: ‘ಬೊರಿಲ್ ಶೆಡ್ಡು, ಮೌನ. ಕೆಟ್ಟಿದೆ. ಬಳಸಬೇಡಿ.’ ಹಾಗೆ ಬರೆದಿದ್ದರಿಂದಲೇ ಅಳಿಸುವವರು ಅದನ್ನು ಮುಟ್ಟಿಲ್ಲ. ಕಚೇರಿಯ ಸಾಮಾನಿನ ಜೊತೆ ನನ್ನಲ್ಲಿಗೆ ಬಂದು, ಇಷ್ಟು ವರ್ಷ ಅದು ಒಂದು ಕುಂಟು ಕಪಾಟಿನ ಕಾಲಿನ ಕೆಳಗೆ ಇತ್ತು.

ಇನ್ನು ವಾಗ್ದಾನ. 1982ರ ಡಿಸೆಂಬರ್. ಚಿತ್ರ ಕೊಳ್ಳುವವರು ಹೇಳಿಬಿಟ್ಟಿದ್ದರು, ನಾಯಕಿಯ ಮಾತು ದಕ್ಷಿಣದವರಿಗೆ ಅರ್ಥವಾಗದು, ದನಿ ಬದಲಿಸದಿದ್ದರೆ ಚಿತ್ರ ಬೇಡ ಎಂದು. ನಾನು ರೈಲು ಹತ್ತಿ ನಿಮ್ಮ ಮನೆಗೆ ಬಂದೆ. ನೀವು ಕೆಲಸಕ್ಕೆ ಹೋಗಿದ್ದಿರಿ. ಎಡ್ನಾ ಅಡುಗೆಮನೆಯಲ್ಲಿ ಹ್ಯಾಡಕ್ ಮೀನು ಹಾಲಿನಲ್ಲಿ ಬೇಯಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಬೆನ್ನು ತಿರುಗಿಸಿಕೊಂಡೇ ಕೇಳಿದರು.

“ನನ್ನ ಮಾತು ಅವರಿಗೆ ಅರ್ಥ ಆಗಲ್ಲವಂತಾ?”

“ಹಾಗಂತಾರೆ.”

“ಮುಖ ಅರ್ಥ ಆಗುತ್ತಂತಾ?”

“ಆಗುತ್ತೆ.”

“ಹಂಗಾದ್ರೆ ಮುಖ ಇಟ್ಕೋ, ದನಿ ಕೊಟ್ಬಿಡು. ನನ್ನ ದನಿ ಎಲ್ಲಿಗೆ ಓಡಿಹೋಗುತ್ತಪ್ಪಾ? ಇಲ್ಲೇ ಇರುತ್ತೆ, ದಿನಾ ನಮ್ಮ ಗೇನರ್‌ಗೆ ಬೈತಾ ಇರುತ್ತೆ. ಓಡಿಹೋಗೋದು ಈ ಕಟ್ಟೆ. ಇನ್ನೊಂದಷ್ಟು ವರ್ಷಕ್ಕೆ ಇಲ್ಲಿ ಹಡಗೂ ಇರಲ್ಲ, ಮೀನೂ ಇರಲ್ಲ. ಆಲ್ಮಾ ಇದಾಳೆ, ಟೆಡ್ ಇದಾನೆ, ಆ ಮುದುಕ ಐಸಿನವನು ಇದಾನೆ ನಿನ್ನ ಚಿತ್ರದಲ್ಲಿ. ಅವರನ್ನ ಡಬ್ಬಿಯೊಳಗೆ ಮುಚ್ಚಿ ಇಡ್ತೀಯಾ, ನನ್ನೊಬ್ಬಳ ಬಾಯಿಗೋಸ್ಕರ?”

ಅವರು ತಟ್ಟೆಗೆ ಮೀನು ಹಾಕಿ ನನ್ನ ಮುಂದಿಟ್ಟರು.

“ಒಂದು ಮಾತು. ಆ ಕಿವಿ ಹುಡುಗನಿಗೆ ನಾನು ಹೂಂ ಅಂದೆ ಅಂತ ಹೇಳ್ಬೇಡ.”

“ಯಾಕೆ?”

“ನನ್ನ ಬಾಯಿ ಹತ್ರ ಮೈಕು ಹಿಡ್ಕೊಂಡು ಅವನ ಕೈ ಮರಗಟ್ಟಿ ಹೋಗ್ತಿತ್ತು. ನಾನೇ ಕೊಟ್ಬಿಟ್ಟೆ ಅಂದ್ರೆ ನೊಂದ್ಕೋತಾನೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಲಿ ಬಿಡು. ನೀನು ಯಜಮಾನ, ಬೈಸ್ಕೊಂಡು ಅಭ್ಯಾಸ ಇರುತ್ತೆ.”

ಹಾಗೇ ಆಯಿತು, ಗೇನರ್. ಅವನು ಎದ್ದು ಹೋದ, ನಾನು ಹೇಳಲಿಲ್ಲ. ಹೇಳಿದ್ದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತೇನೋ. ಆದರೆ ಆ ಚಿತ್ರಕ್ಕಾಗಿ ನಿಮ್ಮ ಅಮ್ಮ ನನ್ನಿಂದ ಕೇಳಿದ್ದು ಅದೊಂದನ್ನೇ. ಈಗ ಅವರೂ ಇಲ್ಲ. ಹೇಳಬೇಕಾದದ್ದು ಮೊದಲು ನಿಮಗೆ ಎನಿಸಿತು. ಮುಂದಿನದು ನಿಮ್ಮ ವಿವೇಚನೆ.

ಟೇಪಿನಲ್ಲಿ ಏನಿದೆಯೋ ನಾನು ಕೇಳಿಲ್ಲ. ನನ್ನ ಬಳಿ ಯಂತ್ರವಿಲ್ಲ. ಬಾಡಿಗೆಗೆ ತರಲೇ?

ನಿಮ್ಮ
ಡೆಸ್ಮಂಡ್ ಫೇರ್ಲಿ


ಗ್ರಿಮ್ಸ್‌ಬಿ
14 ಏಪ್ರಿಲ್ 1997

ಪ್ರೌಸ್ ಅವರೇ,

ಇದರೊಂದಿಗೆ ಫೇರ್ಲಿ ಅವರ ಪತ್ರ ಇಟ್ಟಿದ್ದೇನೆ. ಓದಿ. ಅಮ್ಮನ ಮಾತನ್ನು ನಾನು ಮೀರುತ್ತಿದ್ದೇನೆ. ಚಿಕ್ಕಂದಿನಿಂದಲೂ ಮೀರಿದವಳೇ.

ಟೇಪು ಉಳಿದಿದೆ. ಆ ಯಂತ್ರವನ್ನು ಬಾಡಿಗೆಗೆ ತರಬೇಕೇ, ಬೇಡವೇ? ನಿಮಗೆ ಗೊತ್ತಿರುತ್ತದೆ. ಇದನ್ನು ಈಗಲೇ ಅಂಚೆಗೆ ಹಾಕಬೇಕು, ಹೆಚ್ಚು ಬರೆಯಲಾರೆ.

ಗೇನರ್


ಪೋರ್ತ್‌ಲೆವನ್
20 ಮೇ 1997

ಡೆಸ್ಮಂಡ್,

ಆ ಟೇಪನ್ನು ಯಾವ ಯಂತ್ರಕ್ಕೂ ಹಾಕಬೇಡ. ಆ ವರ್ಷಗಳ ಟೇಪಿನ ಅಂಟು ಗಾಳಿಯ ತೇವ ಹೀರುತ್ತದೆ. ಹಾಗೆಯೇ ಓಡಿಸಿದರೆ ದನಿಯಿರುವ ಲೇಪವೇ ಕಿತ್ತು ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ಮೊದಲು ಸಣ್ಣ ಬಿಸಿಯಲ್ಲಿ ಇಡೀ ದಿನ ಒಣಗಿಸಬೇಕು. ಸೇಬಿನ ಹೋಳು ಒಣಗಿಸುವ ಪೆಟ್ಟಿಗೆ ನನ್ನಲ್ಲಿದೆ, ಅದೇ ಸಾಕು. ಒಣಗಿದ ಮೇಲೂ ನಂಬಿಕೆಯಿಂದ ಓಡುವುದು ಒಂದೇ ಸಲ. ಆ ಒಂದು ಸಲದಲ್ಲೇ ಪ್ರತಿ ಮಾಡಿಕೊಳ್ಳಬೇಕು.

ಅಂಚೆಯಲ್ಲಿ ಕಳಿಸಬೇಡ. ಮಂಗಳವಾರದ ರೈಲಿಗೆ ಬಂದು ನಾನೇ ತೆಗೆದುಕೊಳ್ಳುತ್ತೇನೆ.

ನೀನು ಬರೆದದ್ದನ್ನು ಗೇನರ್ ನನಗೆ ಕಳಿಸಿದ್ದಾರೆ. ಒಂದು ತಿಂಗಳು ನನಗೂ ಹಿಡಿಯಿತು. ಎದುರಿಗೆ ಬಂದಾಗ ಅದರ ಬಗ್ಗೆ ಮಾತಾಡಬೇಕಾಗಿಲ್ಲ. ಚಹಾ ಇದ್ದರೆ ಸಾಕು.

ಹೆಡ್ಲಿ


ಲಂಡನ್
23 ಮೇ 1997

ಹೆಡ್ಲಿ,

ಚಹಾ ಇದೆ. ಕಪಾಟು ಮಾತ್ರ ವಾಲಿದೆ, ಅದರ ಕೆಳಗೆ ಹದಿನಾಲ್ಕು ವರ್ಷ ನೀನೇ ಇದ್ದೆ. ಮಂಗಳವಾರ ಸ್ಟೇಷನ್ನಿಗೆ ಬರುತ್ತೇನೆ. ಗುರುತು ಸಿಗದಿದ್ದರೆ, ಬೋಳು ತಲೆಯವನನ್ನು ಹುಡುಕು.

ಡೆಸ್ಮಂಡ್


ಪೋರ್ತ್‌ಲೆವನ್
16 ಜೂನ್ 1997

ಗೇನರ್ ಅವರೇ,

ಪ್ರತಿ ಆಗಿದೆ. ಆತಂಕ ಬೇಡವೆಂದು ಅದನ್ನು ಮೊದಲ ಸಾಲಿನಲ್ಲೇ ಬರೆದೆ.

ಮೊನ್ನೆ ಬೆಳಿಗ್ಗೆ ಓಡಿಸಿದೆ. ಟೇಪು ಕೊನೆಯವರೆಗೂ ಬಂತು, ಕೊನೆಯಲ್ಲಿ ಸ್ವಲ್ಪ ಲೇಪ ಉದುರಿತು. ಇನ್ನೊಮ್ಮೆ ಅದು ಓಡಲಾರದು. ಹೊಸ ಪ್ರತಿ ಚೆನ್ನಾಗಿದೆ ಎಂದು ಹೇಳಬಲ್ಲೆ. ಆದರೆ ನಾನು ಅದನ್ನು ಕೇಳಿಲ್ಲ.

ಹೇಗೆಂದು ನೀವು ಕೇಳಬಹುದು. ಸ್ಪೀಕರಿನ ತಂತಿ ಬಿಚ್ಚಿಟ್ಟೆ, ಹೆಡ್‌ಫೋನನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದೆ. ದನಿಯ ಮಟ್ಟ ತೋರಿಸುವ ಮುಳ್ಳನ್ನು ಮಾತ್ರ ನೋಡುತ್ತ ಕೂತೆ. ಮೊದಲು ಕೇಳಬೇಕಾದವರು ನಾನಲ್ಲ.

ಮುಳ್ಳು ಮೊದಲು ಒಂದು ಸಲ ಸಣ್ಣಗೆ ಎದ್ದಿತು. ಸುಮ್ಮನಿರಿ ಎಂದ ನನ್ನ ದನಿ ಅದು. ಆಮೇಲೆ ಟಿಕ್ ಟಿಕ್ ಎಂದು ಹಾರಿತು, ಚಾಕುಗಳನ್ನು ಕೆಳಗಿಟ್ಟದ್ದು. ಆಮೇಲೆ ತಳಕ್ಕೆ ಇಳಿದು ನಡುಗುತ್ತ ನಿಂತಿತು. ಬಹಳ ಹೊತ್ತು ನಿಂತಿತು. ಅಷ್ಟು ಜನರ ಉಸಿರು, ಹಿಂದಿನ ಸಾಲಿನ ಬಿಕ್ಕು, ನಲ್ಲಿಯಿಂದ ಬೀಳುವ ಹನಿ, ಹೊರಗಿನ ಕಡಲಹಕ್ಕಿ, ಅಷ್ಟೇ ಇರಬೇಕು. ಇದ್ದಕ್ಕಿದ್ದಂತೆ ಅದು ಮೇಲಕ್ಕೆ ಚಿಮ್ಮಿತು. ಬಿಡುಬಿಡುವಾಗಿ, ಮೂರು ನಾಲ್ಕು ವಾಕ್ಯದಷ್ಟು ಹೊತ್ತು. ಕೊನೆಯಲ್ಲಿ ಇಳಿಯಲಿಲ್ಲ, ಇನ್ನೊಂದು ಗೆರೆ ಮೇಲೆ ಹೋಗಿ ನಿಂತಿತು. ಅದು ಯಾರ ದನಿ ಎಂದು ಮುಳ್ಳು ನೋಡಿಯೇ ಗೊತ್ತಾಯಿತು. ಆಮೇಲೆ ನಗು. ಮುಳ್ಳು ಬಲಗಡೆಯ ಗೋಡೆಗೆ ಬಡಿದು ಅಲ್ಲೇ ಉಳಿಯಿತು.

ಡೆಸ್ಮಂಡ್ ಒಂದು ವಿಷಯ ಹೇಳಿದ. ಆ ನಗು ನಿಂತ ಮೇಲೆ ನಾವು ಇನ್ನೊಂದು ಸಲ ಹಿಡಿದ ಸರಿಯಾದ ಮೌನವಿತ್ತಲ್ಲ, ಎಡ್ನಾ ಅವರೂ ನಿಂತು ಉಸಿರಾಡಿದ್ದು, ಸಂಕಲನದಲ್ಲಿ ಆ ಲಂಡನ್ ನಟಿಯ ಪ್ರತಿ ಮಾತಿನ ಕೆಳಗೂ ಅದನ್ನೇ ಹಾಸಿದ್ದಾರೆ. ಅವರಿಗೆ ಬೇರೆ ದಾರಿಯಿರಲಿಲ್ಲ, ಶೆಡ್ಡಿನ ಮೌನ ಲಂಡನ್ನಿನಲ್ಲಿ ಸಿಗುವುದಿಲ್ಲ. ನಾನು ಅಂದು ಸಿಟ್ಟಿನಲ್ಲಿ ಎದ್ದು ಹೋಗದೆ ಕೂತು ಕೇಳಿದ್ದರೆ ಅದು ನನಗೆ ಕೇಳಿಸುತ್ತಿತ್ತು.

ಚಿತ್ರವನ್ನು ಲಂಡನ್ನಿಗಿಂತ ಮೊದಲು ನಿಮ್ಮ ಕ್ಲಬ್ಬಿನಲ್ಲಿ ತೋರಿಸಬೇಕೆಂದು ಡೆಸ್ಮಂಡನ ಹಟ. ನನ್ನದೂ ಅದೇ. ಜುಲೈ 12 ಶನಿವಾರ ಆದೀತೇ? ಟೇಪನ್ನು ಮೊದಲು ನೀವೊಬ್ಬರೇ ಕೇಳಬೇಕೆಂದರೆ ಒಂದು ದಿನ ಮುಂಚೆ ಬರುತ್ತೇನೆ.

ಹೆಡ್ಲಿ


ಗ್ರಿಮ್ಸ್‌ಬಿ
22 ಜೂನ್ 1997

ಹೆಡ್ಲಿ ಅವರೇ,

ಹನ್ನೆರಡು ಆಗುತ್ತದೆ. ಕ್ಲಬ್ಬಿನವರು ಕುರ್ಚಿ ಕೊಡುತ್ತಾರೆ, ಆಲ್ಮಾ ಊರಿಗೆಲ್ಲ ಸಾರಿಯಾಗಿದೆ.

ಒಬ್ಬಳೇ ಕೇಳಬೇಕೋ ಎಂದು ಎರಡು ದಿನ ಯೋಚಿಸಿದೆ. ಬೇಡ. ಆ ಮಾತನ್ನು ಅವಳು ಶೆಡ್ಡಿನ ಹೆಂಗಸರಿಗೆ ಹೇಳಿದ್ದು. ಉಳಿದವರ ಜೊತೆ ಕೂತೇ ಕೇಳುತ್ತೇನೆ.

ಊಟಕ್ಕೆ ಮೀನಿನ ಪೈ ಮಾಡುತ್ತೇನೆ. ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ.

ಗೇನರ್


ಗ್ರಿಮ್ಸ್‌ಬಿ
20 ಜುಲೈ 1997

ಹೆಡ್ಲಿ ಅವರಿಗೆ, ಡೆಸ್ಮಂಡ್ ಅವರಿಗೆ,

ಇಬ್ಬರಿಗೂ ಸೇರಿ ಒಂದೇ ಪತ್ರ ಬರೆದು ಹೆಡ್ಲಿ ಅವರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಓದಿ ಇನ್ನೊಬ್ಬರಿಗೆ ಕಳಿಸಿ. ಇನ್ನು ಮೇಲೆ ಮಾತು ಬಿಡಲು ನಿಮಗೆ ನೆಪ ಸಿಗಬಾರದು.

ಆ ದಿನ ನಾನು ನಿಮ್ಮಿಬ್ಬರ ಕೈ ಹಿಡಿದುಕೊಂಡು ನಿಂತಿದ್ದಷ್ಟೇ. ನೀವಿಬ್ಬರೂ ಯಂತ್ರದ ಹತ್ತಿರ ಹಿಂದೆ ಇದ್ದಿರಿ, ಮುಂದಿನ ಸಾಲಿನಲ್ಲಿ ಏನಾಯಿತೆಂದು ನಿಮಗೆ ಕಂಡಿರಲಿಕ್ಕಿಲ್ಲ. ಅದನ್ನು ಬರೆಯುತ್ತೇನೆ.

ಚಿತ್ರ ಶುರುವಾಗಿ ಅಮ್ಮನ ಬಾಯಿಂದ ಲಂಡನ್ ದನಿ ಬಂದಾಗ ಈ ಸಲ ಯಾರೂ ನಗಲಿಲ್ಲ. ಯಾರೂ ಆ ದನಿಯನ್ನು ಕೇಳುತ್ತಲೇ ಇರಲಿಲ್ಲ. “ಅಗೋ ಟೆಡ್!” “ಅಯ್ಯೋ, ಐಸಿನ ಅಜ್ಜ ನೋಡೇ, ಪೈಪು ಇನ್ನೂ ಬಾಯಲ್ಲೇ ಇದೆ.” “ಆ ಹಡಗನ್ನ ಸ್ಪೇನಿನವರಿಗೆ ಮಾರಿದ್ರಲ್ಲ, ಅದೇ ಅಲ್ವಾ?” ಐಸ್ ಕಾರ್ಖಾನೆ ಪರದೆ ತುಂಬ ಬಂದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಈಗ ಅದರ ಕಿಟಕಿಗಳಲ್ಲಿ ಪಾರಿವಾಳಗಳಿವೆ. ಅಮ್ಮ ಆ ದಿನ ಅಡುಗೆಮನೆಯಲ್ಲಿ ಏನನ್ನು ಕೊಟ್ಟು ಏನನ್ನು ಉಳಿಸಿದಳೆಂದು ಆಗ ತಿಳಿಯಿತು. ಮಾತು ನಿಂತಾಗ ನಾನು ಕಿವಿಗೊಟ್ಟೆ, ಹೆಡ್ಲಿ ಅವರೇ. ನೀವು ಹೇಳಿದ್ದು ಕೇಳಿಸಿತು. ಆ ದನಿಯ ಕೆಳಗೆ ನಮ್ಮ ಶೆಡ್ಡು ಉಸಿರಾಡುತ್ತಿತ್ತು.

ಚಿತ್ರ ಮುಗಿದ ಮೇಲೆ ನೀವು ಟೇಪು ಹಾಕಿದಿರಿ. “ಸ್ವಲ್ಪ ಸುಮ್ಮನೆ ನಿಲ್ಲಿ” ಎಂದು ಟೇಪಿನೊಳಗಿನಿಂದ ನಿಮ್ಮ ಎಳೆಯ ದನಿ ಬಂತು. ಚಾಕುಗಳನ್ನು ಇಟ್ಟ ಸದ್ದಾಯಿತು. ಆಗ ನನ್ನ ಪಕ್ಕದಲ್ಲಿ ಆಲ್ಮಾ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ತಲೆಯ ವಸ್ತ್ರ ಬಿಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಶೆಡ್ಡಿನಲ್ಲಿ ಕೆಲಸ ಮಾಡಿದವರೆಲ್ಲ ಎದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಎದ್ದೆ. ಆ ಮೌನ ಈ ಸಲ ಅಮ್ಮನಿಗೇ ಸಂದಿತು.

ಆಗ ಅವಳೇ ಅದನ್ನು ಮುರಿದಳು.

“ಯಾಕ್ರೇ ಹಿಂಗೆ ನಿಂತಿದೀರಿ? ಯಾರೂ ಸತ್ತಿಲ್ಲ. ನಮ್ಮ ಗೇನರ್ ಅಡುಗೆ ಮಾಡಿದ ದಿನ ನಮ್ಮನೇಲೂ ಹಿಂಗೇ. ಒಬ್ರೂ ಬಾಯಿ ಬಿಡಲ್ಲ!”

ಟೇಪಿನಲ್ಲಿದ್ದವರೂ ನಕ್ಕರು, ಕ್ಲಬ್ಬಿನಲ್ಲಿದ್ದವರೂ ನಕ್ಕರು. ಯಾವ ನಗು ಯಾವ ವರ್ಷದ್ದೆಂದು ಗೊತ್ತಾಗಲಿಲ್ಲ. ಆಲ್ಮಾ ಕಣ್ಣೊರೆಸಿಕೊಳ್ಳುತ್ತ, “ಇದೇ ಕಣೇ, ಇದೇ ಅಂದಿದ್ದು! ಈವತ್ತಿನ ಪೈ ತಿಂದು ನಂಗೂ ಹಂಗೇ ಆಯ್ತು” ಅಂದಳು. ನೀವಿಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದದ್ದನ್ನು ನಾನು ನೋಡಿದ್ದೇನೆ. ನಿಮ್ಮದು ದೊಡ್ಡ ಮನಸ್ಸು.

ಈಗ ಅವಳ ದನಿ ಬರುತ್ತದೆ. ಕರೆಯಬೇಕಾಗಿಲ್ಲ, ಪಾತ್ರೆ ತೊಳೆಯುವಾಗ ತಾನೇ ಬರುತ್ತದೆ. ಆ ಒಂದು ಮಾತಿನಿಂದ ಮಿಕ್ಕ ಮಾತುಗಳೂ ಎದ್ದು ಬಂದಿವೆ. ಬೂಟು ಕಳಚುತ್ತ ಬೈದದ್ದು, ಮೆಟ್ಟಿಲ ಕೆಳಗಿನಿಂದ ಕೂಗಿದ್ದು, ಎಲ್ಲ ಅದೇ ದನಿಯಲ್ಲಿ.

ಮೂರು ವರ್ಷ ನಾನು ದಿನಕ್ಕೆರಡು ಹೊತ್ತು ಅವಳಿಗೆ ತಿನ್ನಿಸಿದೆ. ಅವಳು ನನ್ನನ್ನೇ ನೋಡುತ್ತ ಸುಮ್ಮನೆ ತಿಂದಳು. ಆ ಸುಮ್ಮನಿರುವಿಕೆಯಲ್ಲಿ ಏನೂ ಇಲ್ಲ, ಅವಳು ಆಗಲೇ ಹೋಗಿಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಈಗ ಅವಳ ಕಣ್ಣು ನೆನಪಾಗುತ್ತದೆ. ಕೊನೆಯ ಚಮಚದವರೆಗೂ ಈ ಮಾತನ್ನೇ ಒಳಗೊಳಗೇ ಹೇಳಿಕೊಂಡು ನಗುತ್ತಿದ್ದಳು, ನನಗೆ ಈಗ ಅನುಮಾನವಿಲ್ಲ.

ಅದನ್ನು ನನಗೆ ತಲುಪಿಸಿದವರು ನೀವಿಬ್ಬರು. ಒಬ್ಬರು ಕೆಟ್ಟಿದೆ ಎಂದು ಬರೆದು ಉಳಿಸಿದಿರಿ, ಇನ್ನೊಬ್ಬರು ಕಪಾಟಿನ ಕೆಳಗೆ ಇಟ್ಟು ಉಳಿಸಿದಿರಿ. ನಾನು ಏನೆಂದು ಹೇಳಲಿ? ಈ ಕಡೆ ಬಂದರೆ ಮನೆಗೆ ಬನ್ನಿ. ಊಟ ಹಾಕುತ್ತೇನೆ. ಸುಮ್ಮನೆ ತಿನ್ನಿ.

ಎಡ್ನಾಳ
ಗೇನರ್